ತವರು, ಮಡಿಲು, ಕಾರ್ಡು: ಹೆರಿಗೆಯ ಸಾಮಾಜಿಕ ಮತ್ತು ಆರ್ಥಿಕ ನೆಲೆಗಳು

1

ಹೆರಿಗೆಯನ್ನು ಪ್ರಕೃತಿಸಹಜ ಘಟನೆಯೆಂದು ನೋಡುವ ದೃಷ್ಟಿಯೊಂದು, ವೈದ್ಯಶಾಸ್ತ್ರಕ್ಕೆ ಸೇರಿದ ಪ್ರಕರಣವೆಂದು ನೋಡುವ ದೃಷ್ಟಿ ಇನ್ನೊಂದು. ಇವೆರಡೂ ಹೆಣ್ಣಿನ ದೇಹವನ್ನು ಅದು ಬದುಕುವ ಮನೆ, ಜಾತಿ, ಕೂಲಿ, ಊಟಗಳಿಂದ ಬೇರ್ಪಡಿಸಿಬಿಡುತ್ತವೆ. ಕನ್ನಡ ಭಾಷೆ ಹಾಗೆ ಬೇರ್ಪಡಿಸಿಲ್ಲ. ಬಸುರಿ, ಬಯಕೆ, ಸೀಮಂತ, ಚೊಚ್ಚಲು, ತವರು, ಸೂಲಗಿತ್ತಿ, ಪುರುಡು, ಬಾಣಂತನ, ಮಡಿಲಕ್ಕಿ ಈ ಪದಗಳು ಒಂದೊಂದೂ ಯಾರು ದುಡಿಯಬೇಕು, ಯಾರು ಖರ್ಚು ಭರಿಸಬೇಕು, ಯಾರು ದೂರ ನಿಲ್ಲಬೇಕು ಎಂಬುದನ್ನು ಗೊತ್ತುಪಡಿಸುತ್ತವೆ. ಅಂದರೆ ಇವು ಆಚರಣೆಯ ಪದಗಳಾಗಿರುವಂತೆಯೇ ಲೆಕ್ಕಾಚಾರದ ಪದಗಳೂ ಆಗಿವೆ. ಕಳೆದ ಎರಡು ದಶಕಗಳಲ್ಲಿ ಕರ್ನಾಟಕದಲ್ಲಿ ಹೆರಿಗೆಯ ಸ್ಥಳ ಬಹುಮಟ್ಟಿಗೆ ಮನೆಯಿಂದ ಆಸ್ಪತ್ರೆಗೆ ಸ್ಥಳಾಂತರಗೊಂಡಿತು. ಪದಗಳು ಮಾತ್ರ ಉಳಿದವು; ಕೆಲವನ್ನು ಸರ್ಕಾರವೇ ಎತ್ತಿಕೊಂಡು ತನ್ನ ಯೋಜನೆಗಳಿಗೆ ಹೆಸರಾಗಿ ಇಟ್ಟಿತು. ಆ ಪದಗಳು ಹೊತ್ತಿದ್ದ ಹೊಣೆ ಈಗ ಯಾರ ಹೆಗಲ ಮೇಲಿದೆ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ.

ಈ ಪ್ರಶ್ನೆಯನ್ನು ಶೆಟ್ಟಿಹಳ್ಳಿಯಂತಹ ಊರಿನಿಂದ ಆರಂಭಿಸುವುದು ಉಚಿತ. ಬೆಂಗಳೂರಿನ ಉತ್ತರ ಭಾಗದಲ್ಲಿ, ಜಾಲಹಳ್ಳಿಗೂ ದಾಸರಹಳ್ಳಿಗೂ ಸಮೀಪದಲ್ಲಿರುವ ಈ ಊರು ಹೆಸರಿನಲ್ಲಿ ಹಳ್ಳಿಯಾಗಿಯೇ ಉಳಿದು ಬದುಕಿನಲ್ಲಿ ನಗರವಾಗಿದೆ. ಜಾಲಹಳ್ಳಿಯಲ್ಲಿ 1950ರ ದಶಕದಲ್ಲಿ ಎಚ್.ಎಂ.ಟಿ. ಮತ್ತು ಬಿ.ಇ.ಎಲ್. ಕಾರ್ಖಾನೆಗಳು ತಲೆಯೆತ್ತಿದವು. 1970ರ ದಶಕದಿಂದ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯಿತು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಸುತ್ತಲಿನ ನಗರಸಭೆಗಳೂ ಗ್ರಾಮಗಳೂ ಅದರೊಳಗೆ ಸೇರಿ, ಮುಂದೆ ಶೆಟ್ಟಿಹಳ್ಳಿ ಒಂದು ವಾರ್ಡಿನ ಹೆಸರಾಯಿತು. ಕೆಲವೇ ಕಿಲೋಮೀಟರುಗಳ ಈ ಅಂತರದಲ್ಲಿ ಹೆರಿಗೆಯ ಎರಡು ಚರಿತ್ರೆಗಳಿವೆ. ಸಾರ್ವಜನಿಕ ವಲಯದ ಕಾರ್ಖಾನೆಯ ಖಾಯಂ ನೌಕರನ ಕುಟುಂಬಕ್ಕೆ ವಸತಿಯಿತ್ತು, ಕಾರ್ಖಾನೆಯದೇ ಆಸ್ಪತ್ರೆಯಿತ್ತು. ಪೀಣ್ಯದ ಸಿದ್ಧ ಉಡುಪಿನ ಘಟಕಗಳಲ್ಲಿ, ಸಣ್ಣ ವರ್ಕ್‌ಶಾಪುಗಳಲ್ಲಿ, ಕಟ್ಟಡದ ಕೆಲಸದಲ್ಲಿ ದುಡಿಯಲು ಬಂದವರಿಗೆ ಇರುವುದು ಸಾಲುಮನೆಯ ಒಂದು ಕೋಣೆ ಮತ್ತು ಊರಿನಲ್ಲಿರುವ ತವರು. ತುಮಕೂರು ರಸ್ತೆ ಈ ಎರಡನ್ನೂ ಜೋಡಿಸುತ್ತದೆ. ಪಾವಗಡ, ಶಿರಾ, ಹಿರಿಯೂರು, ಚಳ್ಳಕೆರೆಗಳ ಕಡೆಯಿಂದ ದುಡಿಮೆಗೆ ಬರುವ ದಾರಿಯೂ ಅದೇ, ಚೊಚ್ಚಲ ಹೆರಿಗೆಗೆ ಹೆಣ್ಣುಮಕ್ಕಳು ಹಿಂದಿರುಗುವ ದಾರಿಯೂ ಅದೇ. ಮುಂದಿನ ಚರ್ಚೆ ಹೆಚ್ಚಾಗಿ ಈ ರಸ್ತೆಯ ಎರಡು ತುದಿಗಳ ನಡುವೆ ಚಲಿಸುತ್ತದೆ.

2

‘ಸೂಲಗಿತ್ತಿ’ ಎಂಬ ಪದದಲ್ಲಿರುವ ‘ಸೂಲು’ ಎಂಬುದಕ್ಕೆ ಗರ್ಭ, ಹೆರಿಗೆ ಎಂಬ ಅರ್ಥಗಳಿವೆ. ತಮಿಳಿನಲ್ಲಿಯೂ ಇದರ ಸೋದರ ರೂಪವಿದೆ. ಒಕ್ಕಲಗಿತ್ತಿ, ಹೂವಾಡಗಿತ್ತಿಗಳಲ್ಲಿ ಕಾಣುವ ‘ಗಿತ್ತಿ’ ಪ್ರತ್ಯಯ ಅದನ್ನು ಒಂದು ಕಸುಬಾಗಿ ಗುರುತಿಸುತ್ತದೆ. ಕಸುಬು ಎಂದ ಮೇಲೆ ಅದಕ್ಕೊಂದು ಪ್ರತಿಫಲವಿರಬೇಕು. ಆದರೆ ಸೂಲಗಿತ್ತಿಗೆ ಸಲ್ಲುತ್ತಿದ್ದುದು ಎಲೆ ಅಡಿಕೆ, ಒಂದಿಷ್ಟು ರಾಗಿ, ಅನುಕೂಲಸ್ಥರ ಮನೆಯಾದರೆ ಒಂದು ಸೀರೆ ಅಥವಾ ಕುಬಸದ ಕಣ. ಇದಕ್ಕೆ ಕಾರಣ ಸೂತಕದ ಕಲ್ಪನೆಯಲ್ಲಿದೆ. ಹೊಕ್ಕುಳ ಬಳ್ಳಿ ಕತ್ತರಿಸುವುದು, ಕಸ ಹೂಳುವುದು, ರಕ್ತದ ಬಟ್ಟೆ ಒಗೆಯುವುದು ಮೈಲಿಗೆಯ ಕೆಲಸಗಳೆಂದು ಗಣಿತವಾಗಿದ್ದರಿಂದ ಅವು ಬಹುತೇಕ ಕೆಳಜಾತಿಗಳ ಹೆಣ್ಣುಮಕ್ಕಳ ಪಾಲಿಗೆ ಬಂದವು. ಮಗು ಹೊರಬರುವ ಗಳಿಗೆಯಲ್ಲಿ ಆಕೆಯ ಕೈ ಬೇಕು. ಹನ್ನೊಂದನೆಯ ದಿನದ ಶುದ್ಧಿಯ ನಂತರ ಅದೇ ಕೈ ನಡುಮನೆಗೆ ಬರುವಂತಿಲ್ಲ. ಹೆರಿಗೆಯ ಜ್ಞಾನ ಮತ್ತು ಆ ಜ್ಞಾನವುಳ್ಳವರ ಸಾಮಾಜಿಕ ಸ್ಥಾನ ಇವುಗಳ ನಡುವಿನ ಈ ಬಿರುಕನ್ನು ಗಮನಿಸದೆ ‘ದೇಸೀ ಪ್ರಸೂತಿ ವಿದ್ಯೆ’ಯ ಬಗೆಗೆ ಹೆಮ್ಮೆಪಡುವುದು ಅರ್ಧಸತ್ಯವಾಗುತ್ತದೆ.

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರ ಬದುಕು ಇಲ್ಲಿ ಮುಖ್ಯವಾಗುತ್ತದೆ. 1920ರಲ್ಲಿ ಜನಿಸಿದ, ಶಾಲೆಯ ಮೆಟ್ಟಿಲು ಹತ್ತದ ಈಕೆ ಅಜ್ಜಿಯಿಂದ ಕಲಿತ ವಿದ್ಯೆಯನ್ನು ಏಳು ದಶಕಗಳ ಕಾಲ ಹಣ ಪಡೆಯದೆ ನಡೆಸಿದರು. ಅವರು ಮಾಡಿಸಿದ ಹೆರಿಗೆಗಳ ಸಂಖ್ಯೆ 15,000ಕ್ಕೂ ಹೆಚ್ಚೆಂದು ಹೇಳಲಾಗುತ್ತದೆ. 2014ರಲ್ಲಿ ತುಮಕೂರು ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ನೀಡಿತು. 2018ರಲ್ಲಿ ಪದ್ಮಶ್ರೀ ಬಂದಿತು. ಅದೇ ವರ್ಷದ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಈ ವಿವರಗಳು ಎಲ್ಲ ಬರಹಗಳಲ್ಲಿಯೂ ಬರುತ್ತವೆ. ಅಷ್ಟಾಗಿ ಚರ್ಚೆಗೆ ಬಾರದ ಇನ್ನೊಂದು ವಿವರವಿದೆ. ನರಸಮ್ಮನವರು ಸ್ವತಃ ಹನ್ನೆರಡು ಮಕ್ಕಳನ್ನು ಹೆತ್ತವರು, ಅವರಲ್ಲಿ ನಾಲ್ವರು ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡರು. ಇತರರ ಸಾವಿರಾರು ಮಕ್ಕಳನ್ನು ಕೈಯಲ್ಲಿ ಹಿಡಿದವರ ಮನೆಯಲ್ಲಿಯೇ ನಾಲ್ಕು ಸಾವು. ಪರಿಣತಿಯೊಂದೇ ಜೀವ ಉಳಿಸುವುದಿಲ್ಲ. ಊಟ, ಹೆರಿಗೆಗಳ ನಡುವಣ ಬಿಡುವು, ಬರಗಾಲ, ವೈದ್ಯರಿರುವ ಊರಿನ ದೂರ ಇವೆಲ್ಲವೂ ಆ ಲೆಕ್ಕದಲ್ಲಿ ಸೇರುತ್ತವೆ. ಪ್ರಶಸ್ತಿ ಒಬ್ಬರಿಗೆ ಸಂದಿತು. ಅವರಂತೆಯೇ ದುಡಿದ ಉಳಿದ ಸೂಲಗಿತ್ತಿಯರಿಗೆ ಕಸುಬಿನ ಕೂಲಿಯಾಗಲೀ ಮುಪ್ಪಿನ ಪಿಂಚಣಿಯಾಗಲೀ ಆ ಹೆಸರಿನಲ್ಲಿ ದೊರೆಯಲಿಲ್ಲ.

ಸೂಲಗಿತ್ತಿ ಹಿಂದೆ ಸರಿದು ಆಸ್ಪತ್ರೆ ಮುಂದೆ ಬಂದುದರ ಫಲ ಅಲ್ಪವಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005–06ರಲ್ಲಿ ರಾಜ್ಯದ ಶೇ. 65ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. 2019–20ರ ವೇಳೆಗೆ ಆ ಪ್ರಮಾಣ ಶೇ. 97ಕ್ಕೆ ಏರಿತು. ಮಾದರಿ ನೋಂದಣಿ ವ್ಯವಸ್ಥೆಯ ಅಂಕಿಅಂಶಗಳಂತೆ ಒಂದು ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಮರಣ 2001–03ರಲ್ಲಿ 228 ಇದ್ದುದು 2018–20ರಲ್ಲಿ 69ಕ್ಕೆ ಇಳಿಯಿತು. ಮನೆಯ ಹೆರಿಗೆಯ ಕಾಲವನ್ನು ಸುವರ್ಣಯುಗವೆಂದು ಬಣ್ಣಿಸುವವರು ಈ ಎರಡು ಸಂಖ್ಯೆಗಳ ಅಂತರದಲ್ಲಿರುವ ಜೀವಗಳನ್ನು ನೆನೆಯಬೇಕು. ಹಾಗೆಯೇ ಇನ್ನೊಂದು ಸಂಗತಿ: 2018–20ರ ಅದೇ ಪಟ್ಟಿಯಲ್ಲಿ ಕೇರಳದ ಪ್ರಮಾಣ 19, ತಮಿಳುನಾಡಿನದು 54. ದಕ್ಷಿಣದ ಐದು ರಾಜ್ಯಗಳಲ್ಲಿ ಕರ್ನಾಟಕದ್ದೇ ಹೆಚ್ಚು. ಹೆಚ್ಚುಕಡಿಮೆ ಎಲ್ಲರೂ ಆಸ್ಪತ್ರೆಯಲ್ಲಿಯೇ ಹೆರುತ್ತಿರುವಾಗ ಈ ವ್ಯತ್ಯಾಸ ಏಕೆ ಉಳಿಯಿತು ಎಂಬುದಕ್ಕೆ ಉತ್ತರವನ್ನು ಹೆರಿಗೆಯ ಕೋಣೆಯ ಹೊರಗೆ, ಅದಕ್ಕಿಂತ ಮೊದಲಿನ ಮತ್ತು ನಂತರದ ತಿಂಗಳುಗಳಲ್ಲಿಯೂ ಹುಡುಕಬೇಕಾಗುತ್ತದೆ.

3

ತಾಯಂದಿರ ಸಾವನ್ನು ವಿವರಿಸಲು ಸಾರ್ವಜನಿಕ ಆರೋಗ್ಯದ ಅಧ್ಯಯನಗಳು ‘ಮೂರು ವಿಳಂಬ’ಗಳ ಚೌಕಟ್ಟನ್ನು ಬಳಸುತ್ತವೆ. 1994ರಲ್ಲಿ ಥಡಿಯಸ್ ಮತ್ತು ಮೇಯ್ನ್ ಎಂಬ ವಿದ್ವಾಂಸರು ರೂಪಿಸಿದ ಈ ಚೌಕಟ್ಟಿನಲ್ಲಿ ಆಸ್ಪತ್ರೆಗೆ ಹೋಗಬೇಕೆಂದು ತೀರ್ಮಾನಿಸುವಲ್ಲಿನ ತಡ, ಅಲ್ಲಿಗೆ ತಲಪುವಲ್ಲಿನ ತಡ, ತಲಪಿದ ಮೇಲೆ ಚಿಕಿತ್ಸೆ ದೊರೆಯುವಲ್ಲಿನ ತಡ ಎಂಬ ವಿಂಗಡಣೆಯಿದೆ. ಉಪಯುಕ್ತವಾದ ವಿಂಗಡಣೆಯೇ ಸರಿ. ಆದರೆ ಇದು ಅಪಾಯ ಎದುರಾದ ಗಳಿಗೆಯಿಂದ ಎಣಿಕೆ ಆರಂಭಿಸುತ್ತದೆ. ಕರ್ನಾಟಕದ ಗರ್ಭಿಣಿಯರಲ್ಲಿ ಶೇ. 45ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆಯಿರುವುದನ್ನು 2015–16ರ ಸಮೀಕ್ಷೆಯೂ 2019–20ರ ಸಮೀಕ್ಷೆಯೂ ತೋರಿಸಿದವು. ಅಂದರೆ ನಡುವಣ ವರ್ಷಗಳಲ್ಲಿ ಈ ಪ್ರಮಾಣ ಅಲುಗಲೇ ಇಲ್ಲ. ಹೆರಿಗೆಯಲ್ಲಿ ಆಗುವ ರಕ್ತಸ್ರಾವವನ್ನು ಆರೋಗ್ಯವಂತಳಾದವಳು ತಾಳಿಕೊಳ್ಳುತ್ತಾಳೆ. ರಕ್ತವೇ ಇಲ್ಲದವಳು ಅಷ್ಟೇ ಸ್ರಾವಕ್ಕೆ ಕುಸಿಯುತ್ತಾಳೆ. ಅವಳ ವಿಳಂಬ ಅಡುಗೆಮನೆಯಲ್ಲಿ, ಎಲ್ಲರ ಊಟವಾದ ಮೇಲೆ ತಳದಲ್ಲಿ ಉಳಿದುದನ್ನು ಉಣ್ಣುವ ರೂಢಿಯಲ್ಲಿ, ಬಾಲ್ಯದಲ್ಲಿಯೇ ಆರಂಭವಾಗಿರುತ್ತದೆ. ಹದಿನೆಂಟು ತುಂಬುವ ಮುನ್ನ ಮದುವೆಯಾದವರ ಪ್ರಮಾಣ ಈ ಎರಡು ಸಮೀಕ್ಷೆಗಳಲ್ಲಿಯೂ ಶೇ. 21ರ ಆಸುಪಾಸಿನಲ್ಲಿಯೇ ನಿಂತಿರುವುದು ಇದಕ್ಕೆ ಪೂರಕವಾದ ಸಂಗತಿ.

ಜನಪದ ಗೀತೆಗಳಲ್ಲಿ ‘ಬಯಕೆ’ಯ ಹಾಡುಗಳಿಗೆ ವಿಶಿಷ್ಟ ಸ್ಥಾನವಿದೆ. ಹಲಸಂಗಿ ಗೆಳೆಯರು ಸಂಗ್ರಹಿಸಿದ ‘ಗರತಿಯ ಹಾಡು’ ಮೊದಲ್ಗೊಂಡು ಅನೇಕ ಸಂಕಲನಗಳಲ್ಲಿ ಗರತಿಯ ಬದುಕಿನ ಈ ಮುಖ ಕಾಣುತ್ತದೆ. ಇವನ್ನು ವಾತ್ಸಲ್ಯದ, ದಾಂಪತ್ಯದ ಚಿತ್ರಗಳಾಗಿ ಓದುವುದು ನಮ್ಮ ವಿಮರ್ಶೆಯ ರೂಢಿ. ಬಸುರಿಯಾದಾಗ ಮಾತ್ರ ‘ನನಗೆ ಇಂತಹುದು ತಿನ್ನಬೇಕೆನಿಸಿದೆ’ ಎಂದು ಬಾಯಿಬಿಟ್ಟು ಕೇಳುವ ಅವಕಾಶ ಹೆಣ್ಣಿಗೆ ದೊರೆಯುತ್ತಿತ್ತು ಎಂಬ ನೆಲೆಯಿಂದ ಓದಿದರೆ ಅವು ಬೇರೆಯದನ್ನು ಹೇಳುತ್ತವೆ. ಬಯಕೆ ಎಂಬುದು ಬೇಡಿಕೆಗೆ ಸಮಾಜ ಕೊಟ್ಟ ಒಂದು ಸಭ್ಯ ಹೆಸರು. ಅದರ ಅವಧಿಯೂ ಸೀಮಿತ. ಗರ್ಭವೇ ನಿಲ್ಲದವಳಿಗೆ ಆ ಹೆಸರೂ ಇಲ್ಲ. ಆಕೆಗೆ ಬಂಜೆಯೆಂಬ ಪದ ಮಾತ್ರ ಉಳಿಯುತ್ತದೆ. ಮದುವೆಯಾದ ವರ್ಷದೊಳಗೆ ಹೆರಬೇಕೆಂಬ ಒತ್ತಡದ ಹಿಂದೆ ಈ ಪದದ ಭಯವಿದೆ.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬ ಕಟ್ಟಳೆಯಲ್ಲಿ ಕರುಣೆಯೂ ಇದೆ, ಲೆಕ್ಕವೂ ಇದೆ. ಅತ್ತೆಯ ಮನೆಯ ದುಡಿಮೆಯಿಂದ ಕೆಲವು ತಿಂಗಳು ಬಿಡುಗಡೆ, ಹೆತ್ತ ತಾಯಿಯ ಕೈ ಅಡುಗೆ, ಎಣ್ಣೆನೀರು, ನಿದ್ದೆ ಇವು ಕರುಣೆಯ ಭಾಗ. ಸೀಮಂತ, ಹೆರಿಗೆಯ ಖರ್ಚು, ಬಾಣಂತಿಯ ಸೀರೆ, ತೊಟ್ಟಿಲ ಶಾಸ್ತ್ರ, ಮಗುವಿನ ಕೊರಳಿಗೆ ಚಿನ್ನ ಇವೆಲ್ಲ ಹೆಣ್ಣು ಕೊಟ್ಟವರ ಪಾಲಿಗೆ ಎಂಬುದು ಲೆಕ್ಕದ ಭಾಗ. ವರದಕ್ಷಿಣೆಯ ಎರಡನೆಯ ಕಂತು ಎನ್ನಬಹುದಾದ ಈ ವೆಚ್ಚಕ್ಕೆ ಬಡ ತವರು ಸಾಲ ಮಾಡುತ್ತದೆ. ಬಾಣಂತನದ ಆಹಾರದಲ್ಲಿಯೂ ವರ್ಗಭೇದ ಸ್ಪಷ್ಟ. ಹಿಡುವಳಿಯುಳ್ಳವರ ಮನೆಯಲ್ಲಿ ತುಪ್ಪ, ಬೆಳ್ಳುಳ್ಳಿ, ಮೆಣಸು, ಲೇಹ್ಯ. ಕೂಲಿಯವರ ಮನೆಯಲ್ಲಿ ಅದೇ ‘ಪಥ್ಯ’ದ ಹೆಸರಿನಲ್ಲಿ ಮೆಣಸಿನ ಸಾರು ಮತ್ತು ಅನ್ನ. ನೀರು ಕಡಿಮೆ ಕುಡಿಯಬೇಕು, ಸೊಪ್ಪು ‘ನಂಜು’, ಹಣ್ಣು ‘ಶೀತ’ ಎಂಬ ನಿಷೇಧಗಳು ಮೊದಲ ಮನೆಯಲ್ಲಿ ತೊಂದರೆ ಕೊಟ್ಟರೆ ಎರಡನೆಯ ಮನೆಯಲ್ಲಿ ಹಾನಿಯನ್ನೇ ಮಾಡುತ್ತವೆ. ಹೆರಿಗೆಯಾದ ಹೆಂಗಸಿಗೆ ವಿಶ್ರಾಂತಿ ಬೇಕೆಂಬ ತಿಳಿವಳಿಕೆ ಸಂಪ್ರದಾಯದ ದೊಡ್ಡ ಕೊಡುಗೆಯೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಬಾಣಂತನ ನಡೆಯಬೇಕಾದರೆ ಇನ್ನೊಬ್ಬ ಹೆಣ್ಣು ತನ್ನ ಕೂಲಿ ಬಿಟ್ಟು ಕೂರಬೇಕು. ಈ ಎರಡನೆಯ ಹೆಣ್ಣಿನ ಕೂಲಿನಷ್ಟ ಯಾವ ಲೆಕ್ಕದಲ್ಲಿಯೂ ಸೇರುವುದಿಲ್ಲ.

ಶೆಟ್ಟಿಹಳ್ಳಿಯ ಸಾಲುಮನೆಯಲ್ಲಿ ಈ ವ್ಯವಸ್ಥೆ ಎರಡು ರೀತಿಯಲ್ಲಿ ಮುರಿಯುತ್ತದೆ. ಬಸುರಿ ತವರಿಗೆ ಹೋದರೆ ಆಕೆಯ ಪರೀಕ್ಷೆ, ನೋಂದಣಿ, ಮಾತ್ರೆ, ಸ್ಕ್ಯಾನಿಂಗ್ ಎಲ್ಲವೂ ಒಂದು ಊರಿನಲ್ಲಿ, ಹೆರಿಗೆ ಇನ್ನೊಂದು ಊರಿನಲ್ಲಿ ಆಗುತ್ತದೆ. ಏಳನೆಯ ಅಥವಾ ಒಂಬತ್ತನೆಯ ತಿಂಗಳಲ್ಲಿ, ಅಂದರೆ ರಕ್ತದೊತ್ತಡ ಏರುವ, ನಿಗಾ ಹೆಚ್ಚು ಬೇಕಾದ ಹೊತ್ತಿನಲ್ಲಿಯೇ, ನೋಡಿಕೊಳ್ಳುತ್ತಿದ್ದವರ ಕೈ ತಪ್ಪುತ್ತದೆ. ತವರಿಗೆ ಹೋಗದೆ ಉಳಿದರೆ ಊರಿನಿಂದ ತಾಯಿಯೇ ಬರಬೇಕು. ಒಂದು ಕೋಣೆ, ಹೊತ್ತಿಗೆ ತಕ್ಕಂತೆ ಬರುವ ನೀರು, ಸಾಲಿಗೊಂದು ಬಚ್ಚಲು ಇರುವಲ್ಲಿ ಬಿಸಿನೀರಿನ ಸ್ನಾನವಾಗಲೀ ಬಾಣಂತಿಯ ಏಕಾಂತವಾಗಲೀ ಹೆಸರಿಗಷ್ಟೇ ಉಳಿಯುತ್ತವೆ. ಎರಡನೆಯ ಹೆರಿಗೆಗೆ ತವರಿನ ಕಟ್ಟಳೆಯೂ ಇಲ್ಲ. ಹಸಿ ಬಾಣಂತಿಯೇ ಎದ್ದು ಮೊದಲ ಮಗುವಿಗೆ ಅನ್ನ ಬೇಯಿಸುತ್ತಾಳೆ.

4

ತುಮಕೂರು ರಸ್ತೆಯ ಇನ್ನೊಂದು ತುದಿಯಲ್ಲಿ ಕಾಡುಗೊಲ್ಲರ ಹಟ್ಟಿಗಳಿವೆ. ಜುಂಜಪ್ಪ, ಎತ್ತಪ್ಪ ಮೊದಲಾದ ಸಾಂಸ್ಕೃತಿಕ ವೀರರ ಕಾವ್ಯಗಳಿಂದಾಗಿ ಈ ಸಮುದಾಯ ಕನ್ನಡ ಜಾನಪದ ಅಧ್ಯಯನಕ್ಕೆ ಚಿರಪರಿಚಿತ. ತೀ.ನಂ. ಶಂಕರನಾರಾಯಣ ಅವರು ಈ ಸಮುದಾಯದ ನಂಬಿಕೆ, ಸಂಪ್ರದಾಯಗಳನ್ನು ವಿಸ್ತಾರವಾಗಿ ದಾಖಲಿಸಿದ್ದಾರೆ. ಹಟ್ಟಿಯೊಳಗೆ ದೇವರಿರುವುದರಿಂದ ಸೂತಕ ಸಲ್ಲದೆಂಬ ನಂಬಿಕೆಯ ಮೇರೆಗೆ ಮುಟ್ಟಾದವರನ್ನೂ ಬಾಣಂತಿಯರನ್ನೂ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಇರಿಸುವ ರೂಢಿ ಅಲ್ಲಿದೆ. 2023ರ ಜುಲೈಯಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹೀಗೆ ಊರ ಹೊರಗಿನ ಗುಡಿಸಲಿನಲ್ಲಿ ತಾಯಿಯೊಡನೆ ಇರಿಸಲಾಗಿದ್ದ ನವಜಾತ ಶಿಶು ಮಳೆ, ಥಂಡಿಗೆ ಸಿಕ್ಕಿ ಅಸುನೀಗಿತು. ಗಮನಿಸಬೇಕಾದುದೆಂದರೆ, ಆ ಹೆರಿಗೆ ಆಸ್ಪತ್ರೆಯಲ್ಲಿಯೇ ಆಗಿತ್ತು. ಅಂಕಿಅಂಶಗಳ ಭಾಷೆಯಲ್ಲಿ ಅದೊಂದು ಯಶಸ್ವಿ ‘ಸಾಂಸ್ಥಿಕ ಹೆರಿಗೆ’. ಆಸ್ಪತ್ರೆಯ ಬಾಗಿಲಿನಿಂದ ಹಟ್ಟಿಯ ಹೊರಗಿನ ಗುಡಿಸಲವರೆಗಿನ ದಾರಿ ಆ ಪದದೊಳಗೆ ಸೇರಿಲ್ಲ.

ಸೂತಕವನ್ನು ಆಚರಣೆಯ ವೈವಿಧ್ಯವಾಗಿ ವಿವರಿಸುವ ಪದ್ಧತಿ ನಮ್ಮ ಜಾನಪದ ಸಂಶೋಧನೆಯಲ್ಲಿ ಬೇರೂರಿದೆ. ಗುಡಿಸಲಿನ ಅಳತೆ, ದಿನಗಳ ಸಂಖ್ಯೆ, ಶುದ್ಧಿಯ ಕ್ರಮ ಎಲ್ಲವೂ ದಾಖಲಾಗುತ್ತವೆ. ಆ ಗುಡಿಸಲಿನಲ್ಲಿ ರಾತ್ರಿ ಎಷ್ಟು ಚಳಿಯಿರುತ್ತದೆ, ಬಾಣಂತಿಗೆ ಜ್ವರ ಬಂದರೆ ಯಾರು ಮುಟ್ಟುತ್ತಾರೆ ಎಂಬ ಪ್ರಶ್ನೆಗಳು ಕ್ಷೇತ್ರಕಾರ್ಯದ ಪ್ರಶ್ನಾವಳಿಗೆ ಅಷ್ಟಾಗಿ ಬಂದಿಲ್ಲ.

ಬಾಣಂತನದ ಅಪಾಯ ಹಟ್ಟಿಗೆ, ಬಡತನಕ್ಕೆ ಮಾತ್ರ ಸೀಮಿತವಲ್ಲ ಎಂಬುದಕ್ಕೆ ಕನ್ನಡ ಸಾಹಿತ್ಯ ಚರಿತ್ರೆಯಲ್ಲಿಯೇ ನೋವಿನ ನಿದರ್ಶನವಿದೆ. ‘ಬಾಣಂತಿ ಸನ್ನಿ’ ಎಂದು ಜನ ಕರೆಯುವ ಮನೋವಿಕಲತೆಯನ್ನು ‘ಶರಪಂಜರ’ ಕಾದಂಬರಿಯಲ್ಲಿ ಕೇಂದ್ರಕ್ಕೆ ತಂದವರು ತ್ರಿವೇಣಿ. 1971ರಲ್ಲಿ ಪುಟ್ಟಣ್ಣ ಕಣಗಾಲರ ಚಲನಚಿತ್ರವಾಗಿ ಅದು ಮನೆಮಾತಾಯಿತು. ಹೆರಿಗೆಯ ನಂತರ ಚಿತ್ತಸ್ವಾಸ್ಥ್ಯ ಕಳೆದುಕೊಂಡ ಕಾವೇರಿ ಚಿಕಿತ್ಸೆಯಿಂದ ಗುಣಮುಖಳಾಗಿ ಬಂದರೂ ಮನೆ ಅವಳನ್ನು ಗುಣವಾಗಲು ಬಿಡುವುದಿಲ್ಲ ಎಂಬುದು ಆ ಕೃತಿಯ ಮುಖ್ಯ ನೋಟ. ತ್ರಿವೇಣಿಯವರು 1963ರ ಜುಲೈ 29ರಂದು ತೀರಿಕೊಂಡಾಗ ಅವರಿಗೆ ಇನ್ನೂ ಮೂವತ್ತೈದು ತುಂಬಿರಲಿಲ್ಲ. ಮಗಳು ಹುಟ್ಟಿ ಹತ್ತು ದಿನಗಳಾಗಿದ್ದವು. ವಿದ್ಯಾವಂತೆ, ನಗರವಾಸಿ, ಹೆಸರಾಂತ ಲೇಖಕಿ ಪುರುಡಿನ ದಿನಗಳಲ್ಲಿಯೇ ಇಲ್ಲವಾದರು. ವೈದ್ಯೆಯೂ ಲೇಖಕಿಯೂ ಆಗಿದ್ದ ಅನುಪಮಾ ನಿರಂಜನರು ‘ತಾಯಿ-ಮಗು’ವಿನಂತಹ ಕೃತಿಗಳನ್ನು ಕನ್ನಡದಲ್ಲಿ ಬರೆದುದರ ಮಹತ್ವವನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಬೇಕು. ಅಜ್ಜಿಯ ಬಾಯಿಮಾತಿನಲ್ಲಿದ್ದ ಪಥ್ಯಾಪಥ್ಯವನ್ನು ಓದುಬಲ್ಲ ಹೆಣ್ಣು ಸ್ವತಃ ಪರೀಕ್ಷಿಸಿ ನೋಡುವ ಅವಕಾಶವನ್ನು ಅಂತಹ ಪುಸ್ತಕಗಳು ತೆರೆದವು.

ತಾಯಿಯ ಸಾವನ್ನು ‘ತಾಯಂದಿರ ಮರಣ’ವೆಂದು ಎಣಿಸಲು ವೈದ್ಯಕೀಯ ವ್ಯಾಖ್ಯೆ ಹೆರಿಗೆಯ ನಂತರದ 42 ದಿನಗಳ ಮಿತಿ ಹಾಕಿದೆ. ಜನರ ರೂಢಿಯಲ್ಲಿ ಬಾಣಂತನ ಮೂರು ತಿಂಗಳು, ಅನುಕೂಲವಿದ್ದರೆ ಐದು ತಿಂಗಳು. ಈ ವಿಷಯದಲ್ಲಿ ರೂಢಿಯೇ ಹೆಚ್ಚು ಉದಾರವಾದುದು.

5

ಕಳೆದ ಎರಡು ದಶಕಗಳ ಸರ್ಕಾರಿ ಯೋಜನೆಗಳ ಹೆಸರುಗಳನ್ನು ಒಟ್ಟಿಗೆ ಇಟ್ಟು ಓದಿದರೆ ಅವುಗಳಲ್ಲಿ ತವರಿನ ಧ್ವನಿ ಕೇಳಿಸುತ್ತದೆ: ಪ್ರಸೂತಿ ಆರೈಕೆ, ಮಡಿಲು, ತಾಯಿ ಭಾಗ್ಯ, ಮಾತೃಪೂರ್ಣ. ಇವುಗಳಲ್ಲಿ ‘ಮಡಿಲು’ ಅತ್ಯಂತ ಅರ್ಥಪೂರ್ಣವಾದುದು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ತಾಯಿ ಸೆರಗಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ತುಂಬುವ ಮಡಿಲಕ್ಕಿಯ ನೆನಪನ್ನು ಅದು ಹೊತ್ತಿದೆ. 2007ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಿಗೆ ಸೊಳ್ಳೆ ಪರದೆ, ಹೊದಿಕೆ, ಸೋಪು, ಮಗುವಿನ ಬಟ್ಟೆಗಳ ಕಿಟ್ ನೀಡಲಾಗುತ್ತಿತ್ತು. ಪ್ರಭುತ್ವ ತವರಿನ ಪಾತ್ರ ವಹಿಸಿದ್ದು ಮೆಚ್ಚಬೇಕಾದ ಸಂಗತಿಯೇ. ಆದರೆ ತವರಿಗೂ ಸರ್ಕಾರಕ್ಕೂ ಒಂದು ವ್ಯತ್ಯಾಸವಿದೆ. ತವರು ಮಗಳ ಗುರುತು ಕೇಳುವುದಿಲ್ಲ.

ಷರತ್ತುಗಳ ಸ್ವರೂಪ ನೋಡಬೇಕು. 2005ರ ಜನನಿ ಸುರಕ್ಷಾ ಯೋಜನೆಯಲ್ಲಿ ಕರ್ನಾಟಕದಂತಹ ರಾಜ್ಯಗಳ ತಾಯಂದಿರಿಗೆ 19 ವರ್ಷ ತುಂಬಿರಬೇಕು, ಎರಡು ಜೀವಂತ ಜನನಗಳವರೆಗೆ ಮಾತ್ರ ಎಂಬ ಮಿತಿಯಿತ್ತು. 2013ರಲ್ಲಿ ಅದನ್ನು ತೆಗೆಯಲಾಯಿತು. ಎಳೆಯ ವಯಸ್ಸಿನ ತಾಯಿ, ಹಲವು ಬಾರಿ ಹೆತ್ತ ತಾಯಿ ಇವರಿಬ್ಬರೇ ಹೆಚ್ಚು ಅಪಾಯದಲ್ಲಿರುವವರು. ಎಂಟು ವರ್ಷ ಹೊರಗುಳಿದವರೂ ಅವರೇ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಕನಿಷ್ಠ 6,000 ರೂಪಾಯಿಗಳ ಹೆರಿಗೆ ನೆರವನ್ನು ಗರ್ಭಿಣಿಯರ ಹಕ್ಕಾಗಿಸಿತು. ಅದನ್ನು ಜಾರಿಗೆ ತರಲೆಂದು 2017ರಲ್ಲಿ ಬಂದ ಪ್ರಧಾನಮಂತ್ರಿ ಮಾತೃವಂದನಾ ಯೋಜನೆ ಮೊದಲ ಮಗುವಿಗೆ ಮಾತ್ರ, 5,000 ರೂಪಾಯಿ ಎಂದು ಕಿರಿದುಗೊಳಿಸಿತು. 2022ರ ಪರಿಷ್ಕರಣೆಯಲ್ಲಿ ಎರಡನೆಯ ಮಗು ಹೆಣ್ಣಾದರೆ 6,000 ಎಂದು ಸೇರಿಸಲಾಯಿತು. ಚೊಚ್ಚಲಿಗೆ ಮಾತ್ರ ತವರು ಎಂಬ ಹಳೆಯ ಕಟ್ಟಳೆಯೇ ಇಲ್ಲಿ ಕಾನೂನಿನ ಉಡುಪು ತೊಟ್ಟಿದೆ ಎನ್ನಬಹುದು. 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆಯ ಬಿಕ್ಕಟ್ಟು ಬೇರೆಯದು. ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಒಂದು ಹೊತ್ತಿನ ಪೂರ್ಣ ಊಟ ನೀಡುವ ಈ ಯೋಜನೆ, ಮನೆಗೆ ಕೊಟ್ಟ ಧಾನ್ಯ ಮನೆಮಂದಿಗೆಲ್ಲ ಹಂಚಿಹೋಗುತ್ತದೆ ಎಂಬ ಸರಿಯಾದ ಗ್ರಹಿಕೆಯಿಂದ ಹುಟ್ಟಿತು. ಕಡೆಯಲ್ಲಿ ಉಣ್ಣುವವಳನ್ನು ಮೊದಲು ಉಣ್ಣಿಸುವ ಯತ್ನ ಅದು. ಆದರೆ ಬಾಣಂತಿ ಹೊಸಿಲು ದಾಟಬಾರದೆಂಬ ರೂಢಿಗೂ ಅಂಗನವಾಡಿಗೆ ಬಂದೇ ಉಣ್ಣಬೇಕೆಂಬ ನಿಯಮಕ್ಕೂ ತಾಳೆಯಾಗಲಿಲ್ಲ. ಹೊಲಕ್ಕೆ ಕೂಲಿಗೆ ಹೋದ ಬಸುರಿಗೆ ನಡುಹಗಲಿನಲ್ಲಿ ಊರಿಗೆ ಮರಳುವುದೂ ಸುಲಭವಲ್ಲ.

ಇವೆಲ್ಲಕ್ಕೂ ಬಾಗಿಲಾಗಿರುವುದು ‘ತಾಯಿ ಕಾರ್ಡ್’. ಗರ್ಭಿಣಿಯ ತೂಕ, ರಕ್ತದ ಪ್ರಮಾಣ, ಚುಚ್ಚುಮದ್ದುಗಳ ವಿವರವಿರುವ ಈ ಕಾರ್ಡು ಮೂಲತಃ ಆಕೆಯ ರಕ್ಷಣೆಗೆ ಇರುವ ದಾಖಲೆ. ಅದೇ ತಡೆಗೋಡೆಯಾದ ಪ್ರಸಂಗ 2022ರ ನವೆಂಬರಿನಲ್ಲಿ ತುಮಕೂರಿನಲ್ಲಿ ನಡೆಯಿತು. ಬಾಡಿಗೆ ಮನೆಯಲ್ಲಿದ್ದ, ತಮಿಳುನಾಡು ಮೂಲದ ತುಂಬು ಗರ್ಭಿಣಿಯೊಬ್ಬರನ್ನು ಆಧಾರ್ ಹಾಗೂ ತಾಯಿ ಕಾರ್ಡ್ ಇಲ್ಲವೆಂಬ ಕಾರಣಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ದಾಖಲಿಸಿಕೊಳ್ಳದೆ ಹಿಂದಕ್ಕೆ ಕಳಿಸಲಾಯಿತೆಂಬುದು ವರದಿಯಾಯಿತು. ಮನೆಯಲ್ಲಿಯೇ ಹೆರಿಗೆಯಾಗಿ ಆಕೆಯೂ ಅವಳಿ ಶಿಶುಗಳೂ ಸಾವಿಗೀಡಾದರು. ವೈದ್ಯರನ್ನೂ ಶುಶ್ರೂಷಕಿಯರನ್ನೂ ಅಮಾನತುಗೊಳಿಸಲಾಯಿತು. ಮೂರು ವಿಳಂಬಗಳ ಚೌಕಟ್ಟಿನಲ್ಲಿ ಈ ಸಾವು ಸರಿಯಾಗಿ ಕೂರುವುದಿಲ್ಲ. ತೀರ್ಮಾನ ತಡವಾಗಿರಲಿಲ್ಲ, ಆಸ್ಪತ್ರೆ ದೂರವಿರಲಿಲ್ಲ. ಕೊಪ್ಪಳ ಜಿಲ್ಲೆಯಲ್ಲಿ ಗೀತಾ ಸೇನ್, ಅದಿತಿ ಅಯ್ಯರ್ ಮೊದಲಾದವರು ಬೆಂಗಳೂರಿನ ಐ.ಐ.ಎಂ. ಮೂಲಕ ನಡೆಸಿದ ಅಧ್ಯಯನಗಳ ಸಾಲೂ ಇದೇ ಅಂಶದತ್ತ ಬೆರಳು ತೋರುತ್ತದೆ. ‘ಹಳ್ಳಿಯವರು ಆಸ್ಪತ್ರೆಗೆ ಬರುವುದಿಲ್ಲ’ ಎಂಬ ಆರೋಪ ಎಷ್ಟೋ ಸಲ ಬಂದವರನ್ನು ಒಳಗೆ ಕರೆದುಕೊಳ್ಳದ ವ್ಯವಸ್ಥೆಯ ಸಮರ್ಥನೆಯಾಗಿರುತ್ತದೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರ ಸರಣಿ ಸಾವುಗಳು ಸಂಭವಿಸಿದಾಗ ಅನುಮಾನ ಬಿದ್ದುದು ರಕ್ತನಾಳಕ್ಕೆ ಕೊಡುವ ದ್ರಾವಣದ ಮೇಲೆ. ಆ ಬಳಿಕ ರಾಜ್ಯ ಸರ್ಕಾರ ನಡೆಸಿದ ಪರಿಶೋಧನೆ 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ 464 ತಾಯಂದಿರ ಸಾವುಗಳನ್ನು ಪರಿಶೀಲಿಸಿ, ಅವುಗಳಲ್ಲಿ ಸುಮಾರು ಶೇ. 70ರಷ್ಟನ್ನು ತಡೆಯಬಹುದಾಗಿತ್ತೆಂದು ಹೇಳಿತು.

6

ಕೊನೆಯದಾಗಿ ಕೂಲಿಯ ವಿಷಯ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ ಸಂಬಳಸಹಿತ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಹೆಚ್ಚಿಸಿತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಈ ಸೌಲಭ್ಯವನ್ನು ತನ್ನೊಳಗೆ ಸೇರಿಸಿಕೊಂಡಿತು. ಹೆರಿಗೆಗೆ ಮುಂಚಿನ ಹನ್ನೆರಡು ತಿಂಗಳಲ್ಲಿ ಒಂದೇ ಸಂಸ್ಥೆಯಲ್ಲಿ 80 ದಿನ ದುಡಿದಿರಬೇಕೆಂಬುದು ಅದರ ಅರ್ಹತೆ. ಕಾಗದದ ಮೇಲೆ ಇದು ಕಠಿಣವಲ್ಲ. ಆದರೆ ಗುತ್ತಿಗೆ ಬದಲಾದಾಗ, ಘಟಕ ಬದಲಾದಾಗ, ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದಾಗ 80 ದಿನಗಳನ್ನು ಸಾಬೀತುಪಡಿಸುವ ಹೊಣೆ ಬಸುರಿಯದು. ಇ.ಎಸ್.ಐ. ವ್ಯಾಪ್ತಿಯ ಹೊರಗಿನ ಸಂಸ್ಥೆಗಳಲ್ಲಿ ರಜೆಯ ಸಂಬಳ ಪೂರ್ತಿಯಾಗಿ ಮಾಲೀಕನ ಮೇಲೆಯೇ ಬೀಳುವುದರಿಂದ ಹೊಸದಾಗಿ ಮದುವೆಯಾದವಳನ್ನು ಕೆಲಸಕ್ಕೆ ಸೇರಿಸಿಕೊಳ್ಳಲು ಹಿಂಜರಿಕೆ ಹುಟ್ಟುವುದೂ ಸಹಜ. ಮನೆಗೆಲಸದವರಿಗೆ, ಬೀದಿ ವ್ಯಾಪಾರದವರಿಗೆ ಈ ಚರ್ಚೆಯೇ ಅನ್ವಯಿಸುವುದಿಲ್ಲ.

2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಸಿದ್ಧ ಉಡುಪು ಕಾರ್ಮಿಕರು, ಅವರಲ್ಲಿ ಬಹುಪಾಲು ಹೆಣ್ಣುಮಕ್ಕಳು, ಹೊಸೂರು ರಸ್ತೆಯಲ್ಲಿಯೂ ತುಮಕೂರು ರಸ್ತೆಯ ಜಾಲಹಳ್ಳಿ ಕ್ರಾಸಿನಲ್ಲಿಯೂ ಬೀದಿಗಿಳಿದುದನ್ನು ಈ ಹಿನ್ನೆಲೆಯಲ್ಲಿ ಅರ್ಥೈಸಬೇಕು. ಭವಿಷ್ಯ ನಿಧಿಯಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ನಿಯಮದ ವಿರುದ್ಧ ಎದ್ದ ಪ್ರತಿಭಟನೆ ಅದು. ಎರಡೇ ದಿನಗಳಲ್ಲಿ ಕೇಂದ್ರ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಅಂದಿನ ಚರ್ಚೆಗಳಲ್ಲಿ ಇದು ನಿವೃತ್ತಿಯ ಹಣದ ಪ್ರಶ್ನೆಯಾಗಿ ಕಾಣಿಸಿಕೊಂಡಿತು. ಹೊಲಿಗೆ ಯಂತ್ರದ ಮುಂದೆ 58ರವರೆಗೆ ಕೂರುವವರು ವಿರಳ. ಕೆಲಸ ಬಿಟ್ಟಾಗ ಕೈಗೆ ಬರುವ ಆ ಮೊತ್ತ ತಂಗಿಯ ಮದುವೆಗೆ, ಮನೆಯವರ ಕಾಯಿಲೆಗೆ, ಹೆರಿಗೆ ಬಾಣಂತನಗಳಿಗೆ ಒದಗುವ ಹಣ. ತವರು ಬಡವಾದಾಗ ಹೆಣ್ಣು ತಾನೇ ಕೂಡಿಟ್ಟುಕೊಂಡ ಮಡಿಲಕ್ಕಿ ಎಂದರೂ ಸಲ್ಲುತ್ತದೆ.

ಖಾಸಗಿ ಆಸ್ಪತ್ರೆಯ ಬಿಲ್ಲು ಈ ಮೊತ್ತವನ್ನು ಬೇಗ ಕರಗಿಸುತ್ತದೆ. ರಾಜ್ಯದಲ್ಲಿ ಸಿಸೇರಿಯನ್ ಹೆರಿಗೆಗಳ ಪ್ರಮಾಣ 2015–16ರಲ್ಲಿ ಶೇ. 23.6 ಇದ್ದುದು 2019–20ರಲ್ಲಿ ಶೇ. 31.5ಕ್ಕೆ ಏರಿತು. ಶೇ. 10ರಿಂದ 15ಕ್ಕಿಂತ ಹೆಚ್ಚಿನ ಪ್ರಮಾಣಕ್ಕೆ ಸಮರ್ಥನೆಯಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 1985ರಲ್ಲಿಯೇ ಹೇಳಿತ್ತು. ಅಗತ್ಯವಿರುವವಳಿಗೆ ದೊರೆಯದ ಶಸ್ತ್ರಚಿಕಿತ್ಸೆ ಅಗತ್ಯವಿಲ್ಲದವಳಿಗೆ ಸಾಲದ ರೂಪದಲ್ಲಿ ಬರುತ್ತದೆ. ಹೊಟ್ಟೆ ಕೊಯ್ಸಿಕೊಂಡ ಬಾಣಂತಿ ಮರಳಿ ಯಂತ್ರದ ಮುಂದೆ ಕೂರುವ ದಿನವೂ ಅಷ್ಟೇ ಮುಂದಕ್ಕೆ ಹೋಗುತ್ತದೆ.

ಸೂಲಗಿತ್ತಿಯಿದ್ದ ಜಾಗದಲ್ಲಿ ಈಗ ಬಸುರಿಯ ಮನೆಬಾಗಿಲಿಗೆ ಬರುವವರು ಆಶಾ ಕಾರ್ಯಕರ್ತೆ. 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಡನೆ ಹಳ್ಳಿಗಳಿಗೂ ಆನಂತರ ನಗರದ ಬಡ ಬಡಾವಣೆಗಳಿಗೂ ಬಂದ ಈಕೆ ಹೆಸರು ಬರೆಸುತ್ತಾರೆ, ಮಾತ್ರೆ ನೆನಪಿಸುತ್ತಾರೆ, ನಡುರಾತ್ರಿ ಆಂಬುಲೆನ್ಸಿನಲ್ಲಿ ಜೊತೆ ಕೂರುತ್ತಾರೆ. ಆಕೆಗೆ ಸಲ್ಲುವುದನ್ನು ವೇತನವೆಂದು ಕರೆಯುವುದಿಲ್ಲ. ‘ಪ್ರೋತ್ಸಾಹಧನ’, ‘ಗೌರವಧನ’ ಎನ್ನಲಾಗುತ್ತದೆ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾಜ್ಯದ ಎಲ್ಲೆಡೆಯಿಂದ ಬಂದ ಆಶಾ ಕಾರ್ಯಕರ್ತೆಯರು ಚಳಿಯಲ್ಲಿ ಹಗಲಿರುಳು ಧರಣಿ ಕುಳಿತರು. ಅವರ ಮುಖ್ಯ ಬೇಡಿಕೆ ತಿಂಗಳಿಗೆ 15,000 ರೂಪಾಯಿಗಳ ನಿಶ್ಚಿತ ಮೊತ್ತ. ಕನಿಷ್ಠ 10,000 ರೂಪಾಯಿಗಳ ಭರವಸೆ ದೊರೆತ ಮೇಲೆ ಧರಣಿ ಮುಗಿಯಿತು. ಆ ಭರವಸೆಯ ದಿನವೂ ಮಾತುಕತೆಯಲ್ಲಿ ಬಳಕೆಯಾದ ಪದ ಗೌರವಧನವೇ ಆಗಿತ್ತು.